ಕಾರ್ಲೈಲ್ ತಂಡದ 1912ರ ಋತು: ಯಾವ ಕಥೆ ನಿಜ, ಅದನ್ನು ವಿದ್ಯಾರ್ಥಿಗಳಿಗೆ ಹೇಗೆ ಹೇಳಬೇಕು?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕಿ. ಈ ಬಾರಿಯ ಕ್ರೀಡಾ ದಿನಾಚರಣೆಗೆ ನಮ್ಮ ವಿದ್ಯಾರ್ಥಿಗಳು ಅಮೆರಿಕದ ಕಾರ್ಲೈಲ್ ಶಾಲೆಯ 1912ರ ಫುಟ್‌ಬಾಲ್ ತಂಡವನ್ನು ವಿಷಯವಾಗಿ ಆರಿಸಿಕೊಂಡು ಗೋಡೆ ಪ್ರದರ್ಶನವನ್ನೂ ಹದಿನೈದು ನಿಮಿಷಗಳ ಕಿರುನಾಟಕವನ್ನೂ ಸಿದ್ಧಪಡಿಸುತ್ತಿದ್ದಾರೆ. ಜಿಮ್ ಥಾರ್ಪ್ ಸೇನಾ ತಂಡದ ವಿರುದ್ಧ 97 ಗಜ ಓಡಿದ್ದು, ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಅವರ ಮೊಣಕಾಲನ್ನು ಆ ಪಂದ್ಯದಲ್ಲೇ ಮುರಿದದ್ದು, ತಂಡ ಸೋಲನ್ನೇ ಕಾಣದೆ ರಾಷ್ಟ್ರೀಯ ಚಾಂಪಿಯನ್ ಆದದ್ದು, ಇವೆಲ್ಲ ಅವರ ಕರಡಿನಲ್ಲಿವೆ. ಹುಡುಕುತ್ತಾ ಹೋದಂತೆ ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತಿದೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಆ ಶಾಲೆ ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ದೂರ ಮಾಡಿ ಅವರ ಭಾಷೆಯನ್ನೇ ಬಿಡಿಸುತ್ತಿತ್ತು ಎಂದು ಈಗ ತಿಳಿಯಿತು. ಸಹೋದ್ಯೋಗಿಗಳಲ್ಲಿ ಒಬ್ಬರು "ಇಂಥ ಶಾಲೆಯ ಗೆಲುವನ್ನು ಕೊಂಡಾಡುವುದು ಬೇಡ" ಎನ್ನುತ್ತಾರೆ. ಇನ್ನೊಬ್ಬರು "ಸ್ಫೂರ್ತಿಯ ಕಥೆ, ನೋವಿನ ಭಾಗ ಬಿಟ್ಟು ಮಾಡಿ" ಎನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಕರಡಿನಲ್ಲಿರುವ ಸಂಗತಿಗಳಲ್ಲಿ ನಿಜವೆಷ್ಟು ಎಂಬುದು ಒಂದು. ಮಕ್ಕಳಿಗೆ ನೋವು ಕೊಟ್ಟ ಸಂಸ್ಥೆಯ ಹೆಸರು ಹೊತ್ತ ತಂಡದ ಆಟವನ್ನು ಮೆಚ್ಚಿಕೊಳ್ಳಬಹುದೇ ಎಂಬುದು ಇನ್ನೊಂದು. ಕ್ರೀಡಾ ಇತಿಹಾಸವನ್ನು ಬಹುಕಾಲ ಪಾಠ ಮಾಡಿದವನಾಗಿ ನಾನು ಕಂಡುಕೊಂಡಿರುವುದೇನೆಂದರೆ, ಮೊದಲನೆಯದನ್ನು ಶ್ರದ್ಧೆಯಿಂದ ಬಿಡಿಸಿಕೊಂಡರೆ ಎರಡನೆಯದಕ್ಕೆ ದಾರಿ ಅದರೊಳಗೇ ಸಿಗುತ್ತದೆ. ಆದ್ದರಿಂದ ಸಂಗತಿಗಳಿಂದಲೇ ಆರಂಭಿಸುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಪದದ ವಿಚಾರ. ಆ ತಂಡವನ್ನು ಅಂದಿನ ಪತ್ರಿಕೆಗಳು 'ಕಾರ್ಲೈಲ್ ಇಂಡಿಯನ್ಸ್' ಎಂದು ಬರೆಯುತ್ತಿದ್ದವು. ಇದನ್ನು ಕನ್ನಡಕ್ಕೆ ತರುವಾಗ 'ಕಾರ್ಲೈಲ್‌ನ ಭಾರತೀಯರು' ಎಂದು ಬರೆದುಬಿಡುವ ತಪ್ಪನ್ನು ನಾನು ವಿದ್ಯಾರ್ಥಿಗಳ ಬರಹಗಳಲ್ಲಿ ಹಲವು ಬಾರಿ ತಿದ್ದಿದ್ದೇನೆ. ಆ ಆಟಗಾರರಿಗೂ ನಮ್ಮ ದೇಶಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಹಳೆಯ ಪಠ್ಯಗಳಲ್ಲಿ ಬರುತ್ತಿದ್ದ 'ರೆಡ್ ಇಂಡಿಯನ್' ಎಂಬ ಮಾತನ್ನೂ ಬಳಸಬೇಡಿ. ಮೈಬಣ್ಣ ಹಿಡಿದು ಇಟ್ಟ ಹೆಸರದು. 'ಅಮೆರಿಕದ ಮೂಲನಿವಾಸಿಗಳು' ಎನ್ನುವುದು ಸಾಕು. ಸಾಧ್ಯವಾದ ಕಡೆಗಳಲ್ಲಿ ಬುಡಕಟ್ಟಿನ ಹೆಸರನ್ನೇ ಹೇಳಿ: ಥಾರ್ಪ್ ಸ್ಯಾಕ್ ಅಂಡ್ ಫಾಕ್ಸ್ ಜನಾಂಗದವರು, ಮೈದಾನದಲ್ಲಿ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಮತ್ತು ಜೋ ಗಯಾನ್ ಒಜಿಬ್ವೆ ಜನಾಂಗದವರು. ಹೀಗೆ ಬರೆದಾಗ, ಒಂದೇ ಹೆಸರಿನ ಕೆಳಗೆ ಕೂಡಿಹಾಕಲ್ಪಟ್ಟಿದ್ದ ಬೇರೆ ಬೇರೆ ಜನ ಒಂದು ತಂಡವಾಗಿ ಆಡಿದರು ಎಂಬುದು ಓದುವವರಿಗೆ ಮನದಟ್ಟಾಗುತ್ತದೆ.

ಎರಡನೆಯ ಮಾತು, ಇದು ನಮ್ಮ ಕಾಲೇಜು ಮೈದಾನಗಳಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಯೊಡ್ಡಿ ಕೆಡಹುವ ಅಮೆರಿಕನ್ ಫುಟ್‌ಬಾಲ್. ಪ್ರದರ್ಶನದ ಮೊದಲ ಹಾಳೆಯಲ್ಲೇ ಇದನ್ನು ಹೇಳದಿದ್ದರೆ ನೋಡುವವರಿಗೆ ಅಂಕಗಳ ಲೆಕ್ಕವೇ ಹತ್ತುವುದಿಲ್ಲ. 1912 ಈ ಆಟಕ್ಕೆ ಬಹಳ ಮುಖ್ಯವಾದ ವರ್ಷ. 1905ರಲ್ಲಿ ಆಟದ ಒರಟುತನದಿಂದ ಹಲವು ಯುವಕರು ಪ್ರಾಣ ಕಳೆದುಕೊಂಡು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಬೇಕಾಗಿ ಬಂದಿತ್ತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು, ಅಂದರೆ ಫಾರ್ವರ್ಡ್ ಪಾಸ್‌ಗೆ, ಅನುಮತಿ ಸಿಕ್ಕಿತು. 1912ರಲ್ಲಿ ಮೈದಾನದ ಉದ್ದ 100 ಗಜಕ್ಕೆ ಇಳಿಯಿತು, ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟುವ ಟಚ್‌ಡೌನ್‌ಗೆ 5ರ ಬದಲು 6 ಅಂಕ ಬಂತು, ಹತ್ತು ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶಗಳು ದೊರೆತವು, ಪಾಸ್ ಇಪ್ಪತ್ತು ಗಜ ಮೀರಬಾರದೆಂಬ ಮಿತಿಯೂ ಹೋಯಿತು. ತೂಕದ ಬಲದಿಂದ ನುಗ್ಗುವ ತಂಡಗಳಿಗಿಂತ ವೇಗವಾಗಿ ಓಡುವ, ಚೆಂಡನ್ನು ಬಚ್ಚಿಡಬಲ್ಲ, ದೂರ ಎಸೆಯಬಲ್ಲ ತಂಡಗಳಿಗೆ ಈ ಬದಲಾವಣೆಗಳೆಲ್ಲ ಅನುಕೂಲವಾದವು. ಕಾರ್ಲೈಲ್ ತಂಡದವರು ಎದುರಾಳಿಗಳಿಗಿಂತ ಸಾಮಾನ್ಯವಾಗಿ ಹಗುರ, ಆದರೆ ಚುರುಕು. ಅವರ ಗೆಲುವಿಗೆ 'ಹುಟ್ಟುಗುಣ' ಕಾರಣವೆಂದು ಬರೆದವರು ಆ ಕಾಲದಲ್ಲಿ ತುಂಬಾ ಜನ. ನಿಜವಾದ ಕಾರಣ ಹೊಸ ನಿಯಮಗಳನ್ನು ಇತರರಿಗಿಂತ ಮೊದಲೇ ಅರ್ಥ ಮಾಡಿಕೊಂಡು ಬೆವರು ಸುರಿಸಿದ ಅಭ್ಯಾಸ.

ಕಾರ್ಲೈಲ್ ಕಾಲೇಜೇ ಎಂದರೆ, ಅಲ್ಲ. ಪೆನ್ಸಿಲ್ವೇನಿಯದ ಕಾರ್ಲೈಲ್ ಪಟ್ಟಣದ ಹಳೆಯ ಸೇನಾ ಬಿಡಾರದಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಆರಂಭಿಸಿದ ಸರ್ಕಾರಿ ವಸತಿ ಶಾಲೆ ಅದು. ಅಲ್ಲಿ ದಿನದ ಅರ್ಧ ಭಾಗ ಪಾಠ, ಉಳಿದರ್ಧ ಕಮ್ಮಾರಿಕೆ, ಬಡಗಿ ಕೆಲಸ, ಹೊಲಿಗೆ, ಬೇಸಾಯ. ಮೂಲನಿವಾಸಿಯೊಳಗಿನ ಮೂಲನಿವಾಸಿತನವನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂಬುದು ಪ್ರ್ಯಾಟ್ ಬಹಿರಂಗವಾಗಿ ಸಾರಿದ ಧ್ಯೇಯ. ದೂರದ ಬಯಲುಸೀಮೆಗಳಿಂದ ರೈಲಿನಲ್ಲಿ ಬಂದಿಳಿದ ಮಕ್ಕಳ ಜಡೆ ಕತ್ತರಿಸಿದರು, ಹೆಸರು ಬದಲಿಸಿದರು, ತಾಯಿನುಡಿಯನ್ನು ನಿಷೇಧಿಸಿದರು. ರಜೆಯಲ್ಲೂ ಊರಿಗೆ ಕಳುಹಿಸದೆ ಬಿಳಿಯರ ಮನೆ ಹೊಲಗಳ ಕೆಲಸಕ್ಕೆ ಹಚ್ಚಿದರು. ಕ್ಷಯ ಮೊದಲಾದ ಕಾಯಿಲೆಗಳಿಂದ ಅಲ್ಲೇ ತೀರಿಕೊಂಡ ಮಕ್ಕಳ ಸುಮಾರು ಇನ್ನೂರು ಸಮಾಧಿಗಳು ಆ ಆವರಣದಲ್ಲಿದ್ದವು. ಆ ಜಾಗದಲ್ಲಿ ಈಗ ಅಮೆರಿಕದ ಸೇನಾ ಯುದ್ಧ ಕಾಲೇಜು ಇದೆ. 2017ರಿಂದ ಒಂದೊಂದಾಗಿ ಅವಶೇಷಗಳನ್ನು ಸಂಬಂಧಿಕರಿಗೆ ಒಪ್ಪಿಸುವ ಕೆಲಸ ನಡೆದಿದೆ. ನೀವು ಕೇಳಿದ 'ನೋವಿನ ಭಾಗ' ಇಷ್ಟು ದೊಡ್ಡದು. ಅದನ್ನು ಬಿಟ್ಟು ಹೇಳುವುದು ಹೇಗೆ ಸಾಧ್ಯ ಎಂದು ನನಗಂತೂ ತೋಚುವುದಿಲ್ಲ.

ಹಾಗಿದ್ದರೂ ಈ ಶಾಲೆಯ ತಂಡ ಹಾರ್ವರ್ಡ್, ಪೆನ್ಸಿಲ್ವೇನಿಯ, ಸಿರಾಕ್ಯೂಸ್‌ನಂಥ ವಿಶ್ವವಿದ್ಯಾಲಯಗಳ ಜೊತೆ ಆಡುತ್ತಿದ್ದುದರಿಂದ ಇದನ್ನು ಕಾಲೇಜು ಫುಟ್‌ಬಾಲ್‌ನ ಇತಿಹಾಸದಲ್ಲೇ ಸೇರಿಸುತ್ತಾರೆ. ಆಟಗಾರರಲ್ಲಿ ಹಲವರು ಇಪ್ಪತ್ತು ದಾಟಿದವರು. ಥಾರ್ಪ್‌ಗೆ ಆಗ ಸುಮಾರು 25 ವರ್ಷ. ತಂಡದ ಟಿಕೆಟ್ ಹಣ ಶಾಲೆಯ ಸಾಮಾನ್ಯ ಸರ್ಕಾರಿ ಲೆಕ್ಕದ ಹೊರಗೆ, ಆಟದ ನಿಧಿಗೆ ಹೋಗುತ್ತಿತ್ತು. ಸ್ವಂತ ಊರಿನಲ್ಲಿ ದೊಡ್ಡ ಜನಸಂದಣಿ ಸೇರುವ ಮೈದಾನ ಇರಲಿಲ್ಲವಾದ್ದರಿಂದ ದೊಡ್ಡ ಪಂದ್ಯಗಳೆಲ್ಲ ಪರಊರಿನಲ್ಲೇ. ಒಂದು ಋತುವಿನ ಬಹುಪಾಲನ್ನು ಹೀಗೆ ರೈಲಿನಲ್ಲಿ ಕಳೆದ ತಂಡ ಅದು ಎಂಬುದನ್ನು ನೆನಪಿಟ್ಟರೆ ಅವರ ಅಂಕಿ ಅಂಶಗಳಿಗೆ ಬೇರೆಯೇ ತೂಕ ಬರುತ್ತದೆ. ತರಬೇತುದಾರ ಗ್ಲೆನ್ 'ಪಾಪ್' ವಾರ್ನರ್, ಆಟದ ವ್ಯೂಹಗಳನ್ನು ಹೊಸದಾಗಿ ಕಲ್ಪಿಸಿಕೊಳ್ಳುವುದರಲ್ಲಿ ಆ ಕಾಲದ ಬಲು ಬುದ್ಧಿವಂತರಲ್ಲಿ ಒಬ್ಬರು. ಅವರ ವ್ಯಕ್ತಿತ್ವದ ಇನ್ನೊಂದು ಮುಖದ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ಋತುವಿಗೆ ಬರೋಣ. 1912ರ ಸೆಪ್ಟೆಂಬರ್ ಕೊನೆಯ ಭಾಗದಿಂದ ನವೆಂಬರ್ 28ರವರೆಗೆ, ಸುಮಾರು ಹತ್ತು ವಾರಗಳಲ್ಲಿ, ತಂಡ 14 ಪಂದ್ಯಗಳನ್ನು ಆಡಿತು: 12 ಗೆಲುವು, 1 ಸೋಲು, 1 ಸಮ. ಗಳಿಸಿದ್ದು 504 ಅಂಕ, ಬಿಟ್ಟುಕೊಟ್ಟದ್ದು 114. ಮೊದಲಿಗೆ ಆಲ್ಬ್ರೈಟ್ ವಿರುದ್ಧ 50-7, ಲೆಬನಾನ್ ವ್ಯಾಲಿ ವಿರುದ್ಧ 45-0, ಅದೇ ಪಟ್ಟಣದ ಡಿಕಿನ್ಸನ್ ಕಾಲೇಜಿನ ವಿರುದ್ಧ 34-0, ವಿಲನೋವಾ ವಿರುದ್ಧ 65-0. ಇವು ಸುಲಭದ ಗೆಲುವುಗಳು. ಐದನೆಯ ಪಂದ್ಯ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಎದುರು; ಥಾರ್ಪ್ ಒದ್ದ ಫೀಲ್ಡ್ ಗೋಲ್‌ಗಳು, ಅಂದರೆ ಗೋಲು ಕಂಬಗಳ ನಡುವೆ ಹಾಯಿಸಬೇಕಾದ ಒದೆತಗಳು, ಗುರಿ ತಪ್ಪಿ 0-0ರಲ್ಲಿ ಮುಗಿಯಿತು. ನಿಮ್ಮ ವಿದ್ಯಾರ್ಥಿಗಳ ಕರಡಿನಲ್ಲಿ ಈ ಪಂದ್ಯ ಇಲ್ಲವೆಂದು ಊಹಿಸುತ್ತೇನೆ, ಏಕೆಂದರೆ ಬಹುತೇಕ ಬರಹಗಳಲ್ಲಿ ಅದು ಇರುವುದಿಲ್ಲ. ಆ ನಂತರ ಸಿರಾಕ್ಯೂಸ್ ಎದುರು 33-0. ಹಿಂದಿನ ವರ್ಷ, 1911ರಲ್ಲಿ, ಹಾರ್ವರ್ಡ್ ತಂಡವನ್ನು 18-15ರಿಂದ ಸೋಲಿಸಿ ದೇಶವೇ ತಿರುಗಿ ನೋಡುವಂತೆ ಮಾಡಿದ ಕಾರ್ಲೈಲ್, ಮರುವಾರವೇ ಇದೇ ಸಿರಾಕ್ಯೂಸ್ ಎದುರು 12-11ರಿಂದ ಸೋತಿತ್ತು; ಆ ವರ್ಷದ ಒಂದೇ ಸೋಲು ಅದು. ಹಾಗಾಗಿ ಆಟಗಾರರಿಗೆ ಈ 33-0 ಬರಿಯ ಅಂಕವಾಗಿರಲಿಲ್ಲ. ಪಿಟ್ಸ್‌ಬರ್ಗ್ ವಿರುದ್ಧ 45-8, ಜಾರ್ಜ್‌ಟೌನ್ ವಿರುದ್ಧ 34-20, ಎರಡೇ ದಿನಗಳಲ್ಲಿ ಗಡಿ ದಾಟಿ ಟೊರಾಂಟೊಗೆ ಹೋಗಿ 49-1, ಲೀಹೈ ವಿರುದ್ಧ 34-14. ಆಮೇಲೆ ನವೆಂಬರ್ 9ರಂದು ವೆಸ್ಟ್ ಪಾಯಿಂಟ್, ಅಂದರೆ ಅಮೆರಿಕದ ಸೇನಾ ಅಕಾಡೆಮಿಯ ತಂಡದ ಎದುರಿನ ಪಂದ್ಯ.

ವೆಸ್ಟ್ ಪಾಯಿಂಟ್ ಪಂದ್ಯದ ಸುತ್ತ ಬೆಳೆದಷ್ಟು ಕಥೆಗಳು ಬೇರೆ ಯಾವ ಪಂದ್ಯದ ಸುತ್ತಲೂ ಬೆಳೆದಿಲ್ಲ. ದಾಖಲೆಯಲ್ಲಿರುವುದು ಇಷ್ಟು. ಸೇನಾ ತಂಡ ಮೊದಲು 6 ಅಂಕ ಗಳಿಸಿತು. ವಿರಾಮದ ಹೊತ್ತಿಗೆ ಕಾರ್ಲೈಲ್ 7-6ರಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಇನ್ನೂ 20 ಅಂಕ ಸೇರಿಸಿ 27-6ರಿಂದ ಗೆದ್ದಿತು. ವಾರ್ನರ್ ಆ ದಿನ 'ಡಬಲ್ ವಿಂಗ್' ಎಂಬ ವ್ಯೂಹವನ್ನು ಬಳಸಿದರು. ಆಟಗಾರರು ಎರಡೂ ಅಂಚುಗಳಲ್ಲಿ ಹರಡಿ ನಿಂತದ್ದರಿಂದ ಚೆಂಡು ಯಾರ ಕೈಯಲ್ಲಿದೆ, ಎತ್ತ ಹೋಗುತ್ತದೆ ಎಂದು ಸೇನಾ ತಂಡಕ್ಕೆ ತಿಳಿಯುವುದೇ ಕಷ್ಟವಾಯಿತು. ಸೇನಾ ತಂಡದ ನಾಯಕ ಲೆಲ್ಯಾಂಡ್ ಡೆವೋರ್ ತಮ್ಮೆದುರು ಆಡುತ್ತಿದ್ದ ಗಯಾನ್ ಮೇಲೆ ಕೈ ಮಾಡಿ ಮೈದಾನದಿಂದ ಹೊರಗೆ ಕಳುಹಿಸಲ್ಪಟ್ಟರು. ಕಾರ್ಲೈಲ್‌ನ ಫುಲ್‌ಬ್ಯಾಕ್ ಪೊವೆಲ್ ಕೂಡ ಒರಟಾಟಕ್ಕಾಗಿ ಹೊರಹೋದರು; ಇದನ್ನೂ ಬರೆಯಬೇಕು, ಒಂದು ಕಡೆಯವರ ಸಿಟ್ಟನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ನಿಮ್ಮ ವಿದ್ಯಾರ್ಥಿಗಳಿಗೆ ಇಲ್ಲೊಂದು ಆಶ್ಚರ್ಯ ಕಾದಿದೆ. ಕಾರ್ಲೈಲ್ ಅಂದು ಗಳಿಸಿದ ನಾಲ್ಕು ಟಚ್‌ಡೌನ್‌ಗಳಲ್ಲಿ ಮೂರನ್ನು ಗಳಿಸಿದವರು ಅಲೆಕ್ಸ್ ಅರ್ಕಾಸಾ, ಒಂದನ್ನು ಜೋ ಬರ್ಗಿ. ಥಾರ್ಪ್ ಹೆಸರಿನಲ್ಲಿ ಒಂದೂ ಇಲ್ಲ. ಟಚ್‌ಡೌನ್ ನಂತರದ ಒದೆತಗಳಿಂದ ಅವರಿಗೆ ಬಂದದ್ದು ಮೂರು ಅಂಕ. ಹಾಗಾದರೆ 92 ಗಜದ ಓಟವನ್ನು ಅಂಪೈರ್ ರದ್ದು ಮಾಡಿದ್ದು, ಮರುಕ್ಷಣವೇ ಅವರು 97 ಗಜ ಓಡಿದ್ದು ಎಂಬ ಕಥೆ? ಎದುರಾಳಿಗಳು ಪಂಟ್ ಮಾಡಿದ, ಅಂದರೆ ದೂರಕ್ಕೆ ಒದ್ದ, ಚೆಂಡನ್ನು ಹಿಡಿದು ಥಾರ್ಪ್ ಸುಮಾರು 45 ಗಜ ನುಗ್ಗಿ ಗೆರೆ ದಾಟಿದ್ದು, ತಂಡದವರ ತಪ್ಪಿನಿಂದಾಗಿ ಅದು ಲೆಕ್ಕಕ್ಕೆ ಬಾರದೆ ಹೋದದ್ದು ಅಂದಿನ ವರದಿಗಳಲ್ಲಿದೆ. ರದ್ದಾದ ಆ ಒಂದು ಓಟವೇ ವರ್ಷಗಳು ಉರುಳಿದಂತೆ ಉದ್ದವಾಗುತ್ತಾ, ಎರಡಾಗುತ್ತಾ ಬಂದಿದೆ. ನಾನೂ ಮೊದಲ ಕೆಲವು ವರ್ಷ ಇದನ್ನೇ ನಂಬಿ ಪಾಠ ಮಾಡಿದ್ದೆ. ಅಂಕಪಟ್ಟಿಯನ್ನು ಕೂತು ಕೂಡಿ ನೋಡಿದ ದಿನ ನನ್ನ ಟಿಪ್ಪಣಿ ಪುಸ್ತಕದಿಂದ ಆ ಪುಟವನ್ನು ತೆಗೆದುಹಾಕಿದೆ. ಇದರಿಂದ ಥಾರ್ಪ್ ಚಿಕ್ಕವರಾಗುವುದಿಲ್ಲ. ಅಂದು ಅವರನ್ನು ತಡೆಯಲು ಸೇನಾ ತಂಡ ಇಬ್ಬರು ಮೂವರನ್ನು ಒಟ್ಟಿಗೆ ಬಿಡಬೇಕಾಯಿತು. ಆ ತೆರವಿನಲ್ಲಿ ಅರ್ಕಾಸಾ ಓಡಿದರು. ಆಟ ಬಲ್ಲ ನಿಮಗೆ ಇದರ ಬೆಲೆ ಗೊತ್ತು.

ಐಸೆನ್‌ಹೋವರ್ ಅವರ ಮೊಣಕಾಲಿನ ಕಥೆಯೂ ಹಾಗೆಯೇ ಸ್ವಲ್ಪ ನಿಜ, ಹೆಚ್ಚು ಸೇರ್ಪಡೆ. ಅವರು ಆ ಪಂದ್ಯದಲ್ಲಿ ಸೇನಾ ತಂಡಕ್ಕೆ ಆಡಿದ್ದು ನಿಜ, ಥಾರ್ಪ್ ಅವರನ್ನು ಕೆಡಹಲು ಪ್ರಯತ್ನಿಸಿದ್ದೂ ನಿಜ. ಆದರೆ ಅವರ ಮೊಣಕಾಲು ತಿರುಚಿದ್ದು ಮರುವಾರ, ನವೆಂಬರ್ 16ರಂದು, ಟಫ್ಟ್ಸ್ ವಿರುದ್ಧದ ಪಂದ್ಯದಲ್ಲಿ. ಕೆಲವೇ ದಿನಗಳಲ್ಲಿ ಕುದುರೆ ಸವಾರಿಯ ಅಭ್ಯಾಸದಲ್ಲಿ ಅದು ಪೂರ್ತಿ ಕೆಟ್ಟು ಅವರ ಆಟ ಮುಗಿಯಿತು. ಮುಂದೆ ಅವರು ಥಾರ್ಪ್ ಅವರನ್ನು ನೆನೆದು, ಜೀವನದಲ್ಲಿ ಅಭ್ಯಾಸವನ್ನೇ ಮಾಡದೆ ತಾನು ಕಂಡ ಯಾವ ಆಟಗಾರನಿಗಿಂತಲೂ ಎಲ್ಲವನ್ನೂ ಚೆನ್ನಾಗಿ ಮಾಡಬಲ್ಲವನಾಗಿದ್ದ ಎಂಬ ಅರ್ಥದ ಮಾತು ಹೇಳಿದರು. ಮೆಚ್ಚುಗೆಯ ಮಾತೇ. ಆದರೆ 'ಅಭ್ಯಾಸವಿಲ್ಲದೆ' ಎಂಬ ಪದವನ್ನು ನಿಮ್ಮ ಗೋಡೆಯ ಮೇಲೆ ಹಾಗೆಯೇ ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. 1904ರಲ್ಲಿ ಕಾರ್ಲೈಲ್‌ಗೆ ಬಂದು, ಜಿಗಿತ, ಓಟ, ಎಸೆತ, ಒದೆತಗಳನ್ನು ವರ್ಷಗಟ್ಟಲೆ ರೂಢಿಸಿಕೊಂಡ ಮನುಷ್ಯನ ದುಡಿಮೆಯನ್ನು ಆ ಒಂದು ಪದ ಅಳಿಸಿಹಾಕುತ್ತದೆ. ನಮ್ಮ ಹಳ್ಳಿಯ ಮಕ್ಕಳ ಓಟವನ್ನು ಕಂಡು 'ಅವರಿಗೆ ರಕ್ತದಲ್ಲೇ ಬಂದಿದೆ' ಎಂದು ಹೇಳಿ ತರಬೇತಿಗೆ ಹಣ ಕೊಡದಿರುವವರನ್ನು ನೀವೂ ನೋಡಿರುತ್ತೀರಿ.

ಪಂದ್ಯಕ್ಕೆ ಮೊದಲು ವಾರ್ನರ್ ತಮ್ಮ ಆಟಗಾರರಿಗೆ, ಎದುರಿಗಿರುವವರ ಅಪ್ಪ ಅಜ್ಜಂದಿರೇ ನಿಮ್ಮ ಅಪ್ಪ ಅಜ್ಜಂದಿರ ಜೊತೆ ಯುದ್ಧ ಮಾಡಿದವರು ಎಂದು ನೆನಪಿಸಿದರು ಎನ್ನುತ್ತಾರೆ. ತಂಡದವರು ಮುಂದೆ ಹೇಳಿಕೊಂಡ ನೆನಪುಗಳಲ್ಲಿ ಈ ಮಾತಿನ ಸಾರವಿದೆ. ಅಮೆರಿಕದ ಸೇನೆ ಮೂಲನಿವಾಸಿಗಳನ್ನು ಕೊಂದ ವುಂಡೆಡ್ ನೀ ಹತ್ಯಾಕಾಂಡ ನಡೆದು ಆಗಿನ್ನೂ 22 ವರ್ಷ ಕೂಡ ತುಂಬಿರಲಿಲ್ಲವಾದ್ದರಿಂದ ಆ ಮಾತು ಅವರನ್ನು ತಟ್ಟದೆ ಇರಲಾರದು. ಆದರೆ ಪುಟಗಟ್ಟಲೆ ಬರುವ ಆ ಭಾಷಣ ನಂತರದವರ ಕೈಬರಹ. ನಾಟಕದಲ್ಲಿ ಬೇಕಿದ್ದರೆ ಒಂದು ವಾಕ್ಯದಲ್ಲಿ ಹೇಳಿಸಿ ಮುಂದೆ ಹೋಗಿ.

ಸೋಲಿನ ಬಗ್ಗೆ: ಐಸೆನ್‌ಹೋವರ್ ಮೊಣಕಾಲು ತಿರುಚಿಕೊಂಡ ಅದೇ ಶನಿವಾರ ಫಿಲಡೆಲ್ಫಿಯಾದಲ್ಲಿ ಕಾರ್ಲೈಲ್ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಎದುರು 34-26ರಿಂದ ಸೋತಿತು. ಆದ್ದರಿಂದ 'ಸೋಲರಿಯದ ತಂಡ' ಎಂಬ ಸಾಲು ಹೋಗಬೇಕು. 'ರಾಷ್ಟ್ರೀಯ ಚಾಂಪಿಯನ್' ಎಂಬುದೂ ಹೋಗಬೇಕು. ಆ ಕಾಲದಲ್ಲಿ ಕಾಲೇಜು ಫುಟ್‌ಬಾಲ್‌ಗೆ ಫೈನಲ್ ಪಂದ್ಯವೇ ಇರಲಿಲ್ಲ; ನಂತರದ ಲೆಕ್ಕಿಗರು 1912ಕ್ಕೆ ಹೆಸರಿಸುವುದು ಎಲ್ಲ ಪಂದ್ಯಗಳನ್ನೂ ಗೆದ್ದ ಹಾರ್ವರ್ಡ್ ಮತ್ತು ಪೆನ್ ಸ್ಟೇಟ್ ತಂಡಗಳನ್ನು. ಪೆನ್ಸಿಲ್ವೇನಿಯದ ಸೋಲಿನ ಮುಂದಿನ ವಾರ ಸ್ಪ್ರಿಂಗ್‌ಫೀಲ್ಡ್ ವಿರುದ್ಧ ಕಾರ್ಲೈಲ್ 30-24ರಿಂದ ಗೆದ್ದಿತು. ಆ 30 ಅಂಕಗಳನ್ನೂ ಗಳಿಸಿದವರು ಥಾರ್ಪ್ ಒಬ್ಬರೇ. 97 ಗಜದ ಕಲ್ಪಿತ ಓಟಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ನವೆಂಬರ್ 28ರಂದು ಬ್ರೌನ್ ವಿರುದ್ಧ 32-0. ಅಲ್ಲಿಗೆ ಅವರ ಕಾರ್ಲೈಲ್ ಆಟ ಮುಗಿಯಿತು.

ಥಾರ್ಪ್ ಆ ವರ್ಷ ಗಳಿಸಿದ ಅಂಕಗಳಿಗೆ ಎರಡು ಲೆಕ್ಕ ಸಿಗುತ್ತವೆ ಎಂದು ನೀವು ಗಲಿಬಿಲಿಗೊಂಡಿದ್ದೀರಿ. 25 ಟಚ್‌ಡೌನ್, 198 ಅಂಕ ಎಂಬುದು ಬಹುಕಾಲದಿಂದ ನಡೆದುಬಂದ ಲೆಕ್ಕ. ಹಳೆಯ ವರದಿಗಳನ್ನು ಮತ್ತೆ ಶೋಧಿಸಿದವರು 27 ಟಚ್‌ಡೌನ್, 224 ಅಂಕ, ಓಡಿ ಕ್ರಮಿಸಿದ್ದು 1,869 ಗಜ ಎನ್ನುತ್ತಾರೆ. ಎರಡು ಪಂದ್ಯಗಳ ಪೂರ್ಣ ವಿವರ ದೊರೆಯದ ಕಾರಣ ಇದರಲ್ಲೂ ಅವು ಸೇರಿಲ್ಲ. ಎರಡೂ ಸಂಖ್ಯೆಗಳನ್ನು ಕಾರಣದೊಂದಿಗೆ ಅಕ್ಕಪಕ್ಕ ಬರೆಯಿರಿ. ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡುವುದಕ್ಕಿಂತ, ದಾಖಲೆ ಹೇಗೆ ಉಳಿಯುತ್ತದೆ, ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಕಂಡುಕೊಳ್ಳುವುದು ಕ್ರೀಡಾ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗ.

ಒಲಿಂಪಿಕ್ಸ್ ಪದಕಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ಪ್ರತ್ಯೇಕ ಪ್ರದರ್ಶನಕ್ಕೇ ಸಾಕಾಗುವಷ್ಟಿದೆ. ಇದೇ 1912ರ ಬೇಸಿಗೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಥಾರ್ಪ್ ಪೆಂಟಥ್ಲಾನ್ ಮತ್ತು ಡೆಕಥ್ಲಾನ್ ಎರಡರಲ್ಲೂ ಚಿನ್ನ ಗೆದ್ದಿದ್ದರು. ಅವರ ಶಾಲೆಯವರೇ ಆದ ಹೋಪಿ ಜನಾಂಗದ ಲೂಯಿಸ್ ಟೆವಾನಿಮಾ 10,000 ಮೀಟರ್ ಓಟದಲ್ಲಿ ಬೆಳ್ಳಿ ಪಡೆದರು. ಈ ಟೆವಾನಿಮಾ 1907ರಲ್ಲಿ ಕಾರ್ಲೈಲ್‌ಗೆ ಬಂದದ್ದು ಸರ್ಕಾರದ ಕೈದಿಯಾಗಿ. 1913ರ ಜನವರಿಯಲ್ಲಿ, ಥಾರ್ಪ್ 1909 ಮತ್ತು 1910ರಲ್ಲಿ ಉತ್ತರ ಕೆರೊಲಿನಾದಲ್ಲಿ ಹಣ ಪಡೆದು ಬೇಸ್‌ಬಾಲ್ ಆಡಿದ್ದರು ಎಂಬ ಸುದ್ದಿ ಹೊರಬಿತ್ತು; ಹಣಕ್ಕಾಗಿ ಆಡಿದವರಿಗೆ ಆಗಿನ ಒಲಿಂಪಿಕ್ಸ್‌ನಲ್ಲಿ ಅವಕಾಶವಿರಲಿಲ್ಲ. ರಜೆಯಲ್ಲಿ ಹಾಗೆ ಆಡುತ್ತಿದ್ದ ಕಾಲೇಜು ಆಟಗಾರರು ಬೇರೆಯವರೂ ಇದ್ದರು, ಅವರಲ್ಲಿ ಹಲವರು ಸುಳ್ಳು ಹೆಸರಿನಲ್ಲಿ. ಥಾರ್ಪ್ ಆಡಿದ್ದು ಸ್ವಂತ ಹೆಸರಿನಲ್ಲಿ. ಆಕ್ಷೇಪಣೆ ಕೂಟ ಮುಗಿದ 30 ದಿನಗಳೊಳಗೆ ಬರಬೇಕೆಂಬ ನಿಯಮವಿದ್ದರೂ ಅದನ್ನು ಯಾರೂ ಲೆಕ್ಕಿಸಲಿಲ್ಲ, ಪದಕಗಳು ಹೋದವು. 1953ರಲ್ಲಿ ಅವರು ತೀರಿಕೊಂಡರು. 1982ರಲ್ಲಿ ಒಲಿಂಪಿಕ್ ಸಮಿತಿ ಅವರನ್ನು ಜಂಟಿ ವಿಜೇತರೆಂದು ಒಪ್ಪಿತು, 2022ರಲ್ಲಿ ಏಕೈಕ ವಿಜೇತರೆಂದು ಘೋಷಿಸಿತು. ವಿದ್ಯಾರ್ಥಿಗಳು 'ಪದಕ ಇನ್ನೂ ಪೂರ್ತಿ ಮರಳಿಲ್ಲ' ಎಂದು ಬರೆದಿದ್ದರೆ ಅದು ಹಳೆಯ ಮಾಹಿತಿ.

ವಾರ್ನರ್ ಅವರ ಇನ್ನೊಂದು ಮುಖದ ಬಗ್ಗೆ ಹೇಳುತ್ತೇನೆಂದಿದ್ದೆ. ಥಾರ್ಪ್ ಬೇಸ್‌ಬಾಲ್ ಆಡಿದ್ದು ತಮಗೆ ತಿಳಿದಿರಲಿಲ್ಲ ಎಂದು ಅವರು ಹೇಳಿದರು. ತಾನು ಇಂಥ ವಿಷಯಗಳನ್ನು ತಿಳಿಯದ ಶಾಲಾ ಹುಡುಗನಾಗಿದ್ದೆ ಎಂಬ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಥಾರ್ಪ್. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಕಾರ್ಲೈಲ್‌ಗೆ ಬಂದು ವಿಚಾರಣೆ ನಡೆಸಿತು. ಅದಕ್ಕೆ ಕಾರಣವಾದದ್ದು ಯಾವ ಪತ್ರಿಕೆಯೂ ಅಲ್ಲ, ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದ ಮನವಿ. ಅದನ್ನು ಮುಂದೆ ನಿಂತು ಸಂಘಟಿಸಿದವರಲ್ಲಿ ಪ್ರಮುಖರು 1912ರ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್. ಸಮಿತಿಯ ಮುಂದೆ ಅವರು ತಮ್ಮ ತರಬೇತುದಾರರ ವಿರುದ್ಧವೇ ಸಾಕ್ಷಿ ಹೇಳಿದರು. ಆಟದ ನಿಧಿಯ ಖರ್ಚು, ಆಟಗಾರರಿಗೆ ಹಣ ಕೊಟ್ಟದ್ದು ಎಲ್ಲವೂ ಪರಿಶೀಲನೆಗೆ ಬಂದವು. ಶಾಲೆಯ ಮುಖ್ಯಸ್ಥ ಮೋಸೆಸ್ ಫ್ರೀಡ್‌ಮನ್ ಹುದ್ದೆ ಕಳೆದುಕೊಂಡರು, ವಾರ್ನರ್ ಮರುವರ್ಷ ಪಿಟ್ಸ್‌ಬರ್ಗ್‌ಗೆ ಹೋದರು, 1918ರಲ್ಲಿ ಶಾಲೆಯೇ ಮುಚ್ಚಿತು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಈ ವೆಲ್ಚ್ ಅವರಲ್ಲಿದೆ. ತಂಡದ ಗೆಲುವು ಶಾಲೆಯ ಗೆಲುವೆಂದು ನೀವೂ ನಿಮ್ಮ ಸಹೋದ್ಯೋಗಿಗಳೂ ಭಾವಿಸಿದ್ದೀರಿ. ಮೈದಾನದಲ್ಲಿ ಆ ಶಾಲೆಯ ಹೆಸರಿನ ಅಂಗಿ ತೊಟ್ಟು ವ್ಯೂಹ ಕಟ್ಟಿದವರೇ ಎರಡು ವರ್ಷದ ಬಳಿಕ ಆ ಶಾಲೆಯನ್ನು ಪ್ರಶ್ನಿಸಿ ಸಹಿ ಸಂಗ್ರಹಿಸಿದರು. ಆಟ ಅವರದಾಗಿತ್ತು, ಶಾಲೆ ಅದರಿಂದ ಹೆಸರನ್ನೂ ಹಣವನ್ನೂ ಪಡೆಯಿತು. ಈ ಎರಡನ್ನೂ ಬೇರೆ ಮಾಡಿ ತೋರಿಸಿದರೆ ಮೆಚ್ಚುಗೆಗೂ ಜಾಗವಿರುತ್ತದೆ, ನೋವಿಗೂ ಜಾಗವಿರುತ್ತದೆ.

ಹೀಗಾಗಿ ನಿಮ್ಮ ಮುಂದಿರುವ ದಾರಿಗಳನ್ನು ತೂಗಿ ನೋಡಿ. ಸೇನಾ ತಂಡದ ಪಂದ್ಯ ಒಂದನ್ನೇ ನಾಟಕ ಮಾಡುವುದು ಸುಲಭ, ಚಪ್ಪಾಳೆಯೂ ಖಾತ್ರಿ. ಆದರೆ ನೂರಾರು ವರ್ಷಗಳ ಅನ್ಯಾಯ ಒಂದು ಮಧ್ಯಾಹ್ನದ 27-6ರಲ್ಲಿ ತೀರಿಹೋಯಿತೆಂಬ ಭಾವ ನೋಡುವವರಲ್ಲಿ ಉಳಿಯುತ್ತದೆ. ಥಾರ್ಪ್ ಅವರ ಜೀವನಕಥೆಯಾಗಿ ಹೇಳಿದರೆ ಎಳೆ ಗಟ್ಟಿಯಾಗಿರುತ್ತದೆ, ಅರ್ಕಾಸಾ, ವೆಲ್ಚ್, ಗಯಾನ್ ಮಾತ್ರ ಮರೆಗೆ ಸರಿಯುತ್ತಾರೆ. ಮುಂದೆ ವೃತ್ತಿಪರ ಫುಟ್‌ಬಾಲ್‌ನ ಗೌರವ ಪಟ್ಟಿಗೆ ಥಾರ್ಪ್ ಜೊತೆ ಗಯಾನ್ ಕೂಡ ಸೇರಿದರೆಂದು ಎಷ್ಟು ಜನರಿಗೆ ಗೊತ್ತು? ಶಾಲೆಯ ಕ್ರೌರ್ಯವನ್ನಷ್ಟೇ ತೋರಿಸುವ ಮೂರನೆಯ ದಾರಿಯನ್ನು ನಿಮ್ಮ ಮೊದಲ ಸಹೋದ್ಯೋಗಿ ಒಪ್ಪಬಹುದು. ಅದರ ಅಪಾಯವನ್ನು ನಾನು ತರಗತಿಯಲ್ಲೇ ಕಂಡಿದ್ದೇನೆ: ಕೇಳಿದವರು ಮರುಗುತ್ತಾರೆ, ಆದರೆ ಆ ಹುಡುಗರಿಗೆ ಒಂದು ಹೆಸರು, ಒಂದು ಕೌಶಲ, ಒಂದು ನಿರ್ಧಾರ ಇತ್ತೆಂಬುದು ಅವರ ನೆನಪಿನಲ್ಲಿ ಉಳಿಯುವುದೇ ಇಲ್ಲ. ನಾನು ನಿಮಗೆ ಸೂಚಿಸುವುದು ಇಡೀ ಋತುವನ್ನು ದಿನಾಂಕದ ಕ್ರಮದಲ್ಲಿ ಹೇಳುವುದನ್ನು. ಇದರಲ್ಲೂ ತೊಂದರೆಯಿದೆ, ಹದಿನಾಲ್ಕು ಪಂದ್ಯಗಳ ಪಟ್ಟಿ ನೀರಸವಾಗಬಹುದು, ನಾಟಕದ ಬಿಗಿ ಸಡಿಲವಾಗಬಹುದು. ಅದಕ್ಕಾಗಿ ನಾಟಕವನ್ನು ಮೈದಾನದಲ್ಲಿ ಇಡದೆ ರೈಲಿನ ಡಬ್ಬಿಯೊಳಗೆ ಇಟ್ಟು ನೋಡಿ. ಪಂದ್ಯದಿಂದ ಪಂದ್ಯಕ್ಕೆ ಹೋಗುವ ಹುಡುಗರು ಮಾತನಾಡಿಕೊಳ್ಳುವಾಗ ಅಂಕಗಳೂ ಬರುತ್ತವೆ, ಊರೂ ಬರುತ್ತದೆ. ಸಂಭಾಷಣೆ ಕಲ್ಪಿತ ಎಂದು ಆರಂಭದಲ್ಲೇ ಹೇಳಿಬಿಡಿ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ವಿದ್ಯಾರ್ಥಿಗಳು ಗರಿಯ ಕಿರೀಟ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ವೇದಿಕೆ ಏರಲು ಹೊರಟಿದ್ದರೆ ದಯವಿಟ್ಟು ತಡೆಯಿರಿ. ಕಾರ್ಲೈಲ್ ಆಟಗಾರರು ಆಡಿದ್ದು ಜರ್ಸಿ ತೊಟ್ಟು, ಕತ್ತರಿಸಿದ ಕೂದಲಿನಲ್ಲಿ; ಅವರ ಜನರ ಉಡುಗೆಯನ್ನು ಆ ಶಾಲೆ ಬಾಗಿಲಲ್ಲೇ ಬಿಡಿಸಿತ್ತು. ಹಾಗೆಯೇ, ಹುಡುಕಿದಾಗ ಒಬ್ಬನೇ ವಿದ್ಯಾರ್ಥಿಯ ಎರಡು ಫೋಟೊಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ, ಬಂದ ದಿನದ್ದು ಮತ್ತು ಕೆಲವು ವರ್ಷ ಕಳೆದ ಮೇಲಿನದು. ಟಾಮ್ ಟೊರ್ಲಿನೊ ಎಂಬ ನವಾಹೊ ಯುವಕನದು ಅವುಗಳಲ್ಲಿ ಬಹಳ ಪ್ರಸಿದ್ಧ. ಅವು ಶಾಲೆಗೆ ಹಣ ಮತ್ತು ಬೆಂಬಲ ಕೂಡಿಸಲು ತೆಗೆಸಿದ ಚಿತ್ರಗಳು. ಅಡಿಬರಹವಿಲ್ಲದೆ ತೂಗುಹಾಕಿದರೆ ನೂರು ವರ್ಷಗಳ ಬಳಿಕವೂ ಅದೇ ಜಾಹೀರಾತನ್ನು ನಾವೇ ಮುಂದುವರಿಸಿದಂತಾಗುತ್ತದೆ. ಅವುಗಳ ಬದಲು ತಂಡದ ಫೋಟೊ ಇಡಿ, ಕೆಳಗೆ ಸಿಕ್ಕಷ್ಟೂ ಹೆಸರುಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ: ಜಿಮ್ ಥಾರ್ಪ್, ಗಸ್ ವೆಲ್ಚ್, ಅಲೆಕ್ಸ್ ಅರ್ಕಾಸಾ, ಜೋ ಗಯಾನ್, ಜೋ ಬರ್ಗಿ, ಪೀಟ್ ಕ್ಯಾಲಕ್, ಪೊವೆಲ್. ಪಕ್ಕದಲ್ಲಿ ಹದಿನಾಲ್ಕು ಪಂದ್ಯಗಳಿಗೆ ಹದಿನಾಲ್ಕು ಹಾಳೆ, ಎಲ್ಲವೂ ಒಂದೇ ಅಳತೆ. 27-6ಕ್ಕೆ ಕೊಟ್ಟಷ್ಟೇ ಜಾಗವನ್ನು 0-0ಕ್ಕೂ 26-34ಕ್ಕೂ ಕೊಡಿ.